ಕಸದ ತೂಕದ ಚೀಟಿಗೆ ಸಹಿ ನನ್ನದು. ವ್ಯತ್ಯಾಸ ಬಂದರೆ ಹೊಣೆ ಯಾರದು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವಳು, ವಯಸ್ಸು 26, ಬಿ.ಕಾಂ. ಓದಿದ್ದೇನೆ. ಐದು ತಿಂಗಳಿಂದ ನಮ್ಮೂರಿನ ಕಸ ವರ್ಗಾವಣೆ ಕೇಂದ್ರದ ವೇ ಬ್ರಿಡ್ಜ್‌ನಲ್ಲಿ ಹೊರಗುತ್ತಿಗೆ ಮೇಲೆ ಆಪರೇಟರ್ ಆಗಿದ್ದೇನೆ. ವಾರ್ಡುಗಳಿಂದ ಬರುವ ಆಟೋ ಟಿಪ್ಪರ್‌ಗಳನ್ನೂ, ಇಲ್ಲಿಂದ ಸಂಸ್ಕರಣಾ ಘಟಕಕ್ಕೆ ಕಸ ಒತ್ತಿ ತುಂಬಿ ಸಾಗಿಸುವ ಕಾಂಪ್ಯಾಕ್ಟರ್‌ಗಳನ್ನೂ ತೂಗಿ, ಚೀಟಿಗೆ ಸಹಿ ಹಾಕಿ ಕೊಡುವುದು ನನ್ನ ಕೆಲಸ. ನಮ್ಮ ತೂಕಕ್ಕೂ ಘಟಕದ ತೂಕಕ್ಕೂ ಒಂದು ಟ್ರಿಪ್ಪಿಗೆ 30 ಕೆ.ಜಿ., ಕೆಲವು ದಿನ 200 ಕೆ.ಜಿ.ವರೆಗೂ ವ್ಯತ್ಯಾಸ ಬರುತ್ತಿದೆ. ಇದನ್ನು ನನ್ನ ಸಂಬಳದಲ್ಲಿ ಹಿಡಿಯುತ್ತೇವೆ ಎಂದು ಸೂಪರ್‌ವೈಸರ್ ಹೇಳುತ್ತಿದ್ದಾರೆ. ಕರೆಂಟ್ ಹೋದರೆ ಅಂದಾಜಿನಲ್ಲಿ ಬರಿ ಎನ್ನುತ್ತಾರೆ. ಒಮ್ಮೊಮ್ಮೆ ‘ಸ್ವಲ್ಪ ಅಡ್ಜಸ್ಟ್ ಮಾಡಮ್ಮ’ ಎಂದೂ ಹೇಳಿದ್ದುಂಟು. ಮನೆಯಲ್ಲಿ ಅತ್ತೆಯವರು, ಕಸದ ಗಾಳಿ ಕುಡಿದರೆ ಟಿ.ಬಿ. ಬರುತ್ತದೆ, ಎರಡು ವರ್ಷದ ಮಗುವಿಗೂ ಅಂಟುತ್ತದೆ ಎಂದು ಹೆದರಿ ದಿನಾ ಬೆಲ್ಲ ತಿನ್ನಿಸುತ್ತಾರೆ. ಈ ಕೆಲಸ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದರೊಳಗೊಂದು ಸೇರಿಕೊಂಡಿವೆ. ಯಂತ್ರ ತಪ್ಪು ತೋರಿಸುತ್ತಿದೆಯೇ ಎಂಬುದು ಒಂದು, ಆ ತಪ್ಪು ನಿಮ್ಮ ತಲೆಗೆ ಬರುತ್ತದೆಯೇ ಎಂಬುದು ಇನ್ನೊಂದು, ಈ ಜಾಗದ ಗಾಳಿ ನಿಮ್ಮ ಮನೆಯವರೆಗೂ ಬರುತ್ತದೆಯೇ ಎಂಬುದು ಮತ್ತೊಂದು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವೇ ಬ್ರಿಡ್ಜ್‌ಗಳ ಅಳವಡಿಕೆ ಮತ್ತು ದುರಸ್ತಿಯಲ್ಲಿ ದುಡಿದವನಾಗಿ, ಕೊಬ್ಬರಿ ಮಂಡಿಯಿಂದ ಹಿಡಿದು ಕಸದ ಘಟಕದವರೆಗೆ ಆಪರೇಟರ್‌ಗಳ ಪಕ್ಕದಲ್ಲಿ ಕುಳಿತು ಕೆಲಸ ಕಲಿಸಿದವನಾಗಿ, ನನಗೆ ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ.

ಮೊದಲು, 30 ಕೆ.ಜಿ. ವ್ಯತ್ಯಾಸದ ಮಾತು. ತಕ್ಕಡಿ ಎಂದರೆ ಗ್ರಾಂ ಕೂಡ ತಪ್ಪಬಾರದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಚಿನ್ನದ ಅಂಗಡಿಯ ತಕ್ಕಡಿಗೆ ಅದು ಸಲ್ಲುವ ನಿರೀಕ್ಷೆ. ನೀವು ಕುಳಿತಿರುವ ವೇ ಬ್ರಿಡ್ಜ್ ಸಾಮಾನ್ಯವಾಗಿ 40 ಅಥವಾ 60 ಟನ್ ಸಾಮರ್ಥ್ಯದ್ದು, ಪರದೆಯ ಮೇಲೆ 10 ಕೆ.ಜಿ.ಯ ಹೆಜ್ಜೆಯಲ್ಲಿ ಅಂಕಿ ತೋರಿಸುವಂಥದ್ದು. ಈ ಬಗೆಯ ತಕ್ಕಡಿಯನ್ನು ಪರೀಕ್ಷಿಸಿ ಅಧಿಕೃತ ಮುದ್ರೆ ಹಾಕುವ ಹೊತ್ತಿನಲ್ಲಿ 5 ಟನ್‌ವರೆಗಿನ ತೂಕಕ್ಕೆ 5 ಕೆ.ಜಿ., 5ರಿಂದ 20 ಟನ್‌ವರೆಗೆ 10 ಕೆ.ಜಿ. ಆಚೀಚೆ ಆಗಲು ನಿಯಮವೇ ಅವಕಾಶ ಕೊಟ್ಟಿದೆ. ಬಳಕೆಯಲ್ಲಿರುವಾಗ ತಪಾಸಣೆ ನಡೆದರೆ ಆ ಮಿತಿ ಇದರ ಎರಡು ಪಟ್ಟು. ತುಂಬಿದ ಕಾಂಪ್ಯಾಕ್ಟರ್ 14 ಟನ್, ಖಾಲಿಯದು 9 ಟನ್ ಎಂದಿಟ್ಟುಕೊಳ್ಳಿ. ಎರಡು ತೂಕಗಳಲ್ಲೂ ತಲಾ 20 ಕೆ.ಜಿ. ಆಚೀಚೆ ಆಗಬಹುದಾದ್ದರಿಂದ, ಅವುಗಳನ್ನು ಕಳೆದು ಬರುವ ನಿವ್ವಳ ತೂಕದಲ್ಲಿ 40 ಕೆ.ಜಿ.ವರೆಗೂ ವ್ಯತ್ಯಾಸ ಬರಲು ಸಾಧ್ಯ. ಅತ್ತ ಘಟಕದ ವೇ ಬ್ರಿಡ್ಜ್‌ಗೂ ಇದೇ ಮಿತಿ ಇದೆ. ಹಾಗಾಗಿ ಎರಡು ಬೇರೆ ಬೇರೆ ತಕ್ಕಡಿಗಳ ನಡುವಿನ 30 ಕೆ.ಜಿ. ವ್ಯತ್ಯಾಸವನ್ನು ಹಿಡಿದುಕೊಂಡು ಯಾರನ್ನೂ ಕಳ್ಳರೆನ್ನಲು ಬರುವುದಿಲ್ಲ, ನಿಮ್ಮ ತಕ್ಕಡಿ ಕೆಟ್ಟಿದೆ ಎನ್ನಲೂ ಬರುವುದಿಲ್ಲ.

ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಇಂಥ ತಕ್ಕಡಿಯಲ್ಲಿ ಹೆಜ್ಜೆಯ ಇಪ್ಪತ್ತು ಪಟ್ಟಿಗಿಂತ, ಅಂದರೆ 200 ಕೆ.ಜಿ.ಗಿಂತ ಕಡಿಮೆ ಭಾರವನ್ನು ತೂಗುವುದೇ ತಪ್ಪು. ಪೌರಕಾರ್ಮಿಕರ ತಳ್ಳುಗಾಡಿಯನ್ನು ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ ‘ಇವತ್ತು ಎಷ್ಟು ತಂದೆ ನೋಡು’ ಎಂದು ತೂಗಿಸಿ, ಆ ಅಂಕಿಯನ್ನು ಅವರ ಹಾಜರಿಗೆ ಜೋಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಂಕಿಗೆ ಯಾವ ಬೆಲೆಯೂ ಇಲ್ಲ. ಯಾರೇ ಹೇಳಿದರೂ ಅಂಥ ತೂಕಕ್ಕೆ ಚೀಟಿ ಕೊಡಬೇಡಿ.

200 ಕೆ.ಜಿ. ವ್ಯತ್ಯಾಸದ ಕಥೆ ಬೇರೆ. ಅಷ್ಟು ದೊಡ್ಡ ಅಂತರ ತಾನಾಗಿ ಬರುವುದಿಲ್ಲ, ಅದಕ್ಕೆ ಕಾರಣ ಇದ್ದೇ ಇರುತ್ತದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳೆಂಟು ಸಲ ಆ ಕಾರಣ ಖಾಲಿ ತೂಕದಲ್ಲಿ ಅಡಗಿರುತ್ತದೆ. ಕೆಲಸ ಬೇಗ ಸಾಗಲಿ ಎಂದು ಪ್ರತಿ ಗಾಡಿಯ ಖಾಲಿ ತೂಕವನ್ನು ಒಮ್ಮೆ ತೆಗೆದು ಕಂಪ್ಯೂಟರಿನಲ್ಲಿ ಕೂರಿಸಿಬಿಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಅದೇ ಅಂಕಿ ಕಳೆಯುತ್ತಾ ಹೋಗುತ್ತದೆ. ಒಂದು ಘಟಕದಲ್ಲಿ ಹೀಗೆ 8,940 ಕೆ.ಜಿ. ಎಂದು ದಾಖಲಾಗಿದ್ದ ಕಾಂಪ್ಯಾಕ್ಟರನ್ನು ಮಳೆಗಾಲದ ಒಂದು ಸಂಜೆ ಕಸ ಸುರಿಸಿದ ಮೇಲೆ ಮತ್ತೆ ತೂಗಿಸಿದೆವು. ಪರದೆ 9,130 ತೋರಿಸಿತು. ಚಾಲಕರು ಗಾಬರಿಯಾದರು. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಕಸದಿಂದ ಸೋರಿದ ಕಪ್ಪು ನೀರು ನಿಲ್ಲುವ ತೊಟ್ಟಿ ಭರ್ತಿಯಾಗಿತ್ತು, ಹಿಂದಿನ ಚಕ್ರಗಳ ನಡುವೆ ಅಂಗೈ ದಪ್ಪ ಕೆಸರು ಮೆತ್ತಿಕೊಂಡಿತ್ತು, ಒಳಗೆ ಒತ್ತುವ ತಗಡಿನ ಹಿಂದೆ ತೆಂಗಿನ ಗರಿಯೂ ಎಳನೀರು ಬುರುಡೆಯೂ ಸಿಕ್ಕಿಕೊಂಡಿದ್ದವು. ಅದೇ ಹೊತ್ತಿಗೆ ಡೀಸೆಲ್ ಟ್ಯಾಂಕನ್ನೂ ತುಂಬಿಸಿದ್ದರು; ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ಆದ್ದರಿಂದ ನೂರು ಲೀಟರಿಗೆ ಎಂಬತ್ತಮೂರು ಕೆ.ಜಿ. ಇದರ ಮೇಲೆ ಕ್ಯಾಬಿನ್‌ನಲ್ಲಿ ಕುಳಿತ ಸಹಾಯಕರು ಒಂದು ಸಲ ಇದ್ದು ಇನ್ನೊಂದು ಸಲ ಇಳಿದುಹೋದರೆ ಮತ್ತೆ ಐವತ್ತರವತ್ತು ಕೆ.ಜಿ. ಆಚೀಚೆ. ನಿಮ್ಮಲ್ಲಿ ಹಳೆಯ ಖಾಲಿ ತೂಕ ಕಳೆದು, ಘಟಕದವರು ಹೊಸದಾಗಿ ಖಾಲಿ ತೂಕ ತೆಗೆದರೆ ಎರಡು ಚೀಟಿಗಳು ಒಂದೇ ಲೆಕ್ಕ ಹೇಳುವುದು ಹೇಗೆ? ದಾರಿಯುದ್ದಕ್ಕೂ ಸೋರುತ್ತಾ ಹೋಗುವ ಕೊಳಕು ನೀರನ್ನೂ ಮರೆಯಬೇಡಿ. ನಮ್ಮ ಹಸಿ ಕಸದಲ್ಲಿ ನೀರಿನ ಅಂಶವೇ ಹೆಚ್ಚು, ಒಂದು ಲೀಟರ್ ಸೋರಿದರೆ ಒಂದು ಕೆ.ಜಿ. ಹೋಯಿತೆಂದೇ ಲೆಕ್ಕ.

ಪ್ರತಿ ಟ್ರಿಪ್ಪಿಗೂ ಖಾಲಿ ತೂಕ ತೆಗೆಯುವುದರಿಂದ ಇನ್ನೊಂದು ಲಾಭವಿದೆ. ಇದನ್ನು ಹೊಸ ಆಪರೇಟರ್‌ಗಳಿಗೆ ಯಾರೂ ಹೇಳಿಕೊಡದಿರುವುದು ನನಗೆ ಬೇಸರದ ವಿಷಯ. ಬೆಳಗ್ಗೆ ಪ್ಲಾಟ್‌ಫಾರ್ಮ್ ಮೇಲೆ 60 ಕೆ.ಜಿ. ಕೆಸರು ಇದ್ದಾಗಲೇ ಯಾರೋ ಸೊನ್ನೆ ಗುಂಡಿ ಒತ್ತಿದರು ಎನ್ನಿ. ಮಧ್ಯಾಹ್ನ ಆ ಕೆಸರು ಕೊಚ್ಚಿಹೋದ ಮೇಲೆ ನಿಮ್ಮ ಎಲ್ಲ ತೂಕಗಳೂ 60 ಕೆ.ಜಿ. ಕಡಿಮೆ ತೋರಿಸುತ್ತವೆ. ಆದರೆ ತುಂಬಿದ ಗಾಡಿಯನ್ನೂ ಖಾಲಿ ಗಾಡಿಯನ್ನೂ ಅದೇ ಸ್ಥಿತಿಯಲ್ಲಿ ತೂಗಿದರೆ, ಒಂದರಿಂದ ಒಂದನ್ನು ಕಳೆಯುವಾಗ ಆ ತಪ್ಪು ಎರಡೂ ಕಡೆ ಸಮನಾಗಿ ಇರುವುದರಿಂದ ಅಳಿಸಿಹೋಗುತ್ತದೆ. ಕಂಪ್ಯೂಟರಿನಲ್ಲಿ ಕೂರಿಸಿದ ಹಳೆಯ ಖಾಲಿ ತೂಕವನ್ನು ಕಳೆದರೆ ಅದೇ 60 ಕೆ.ಜಿ. ಪೂರ್ತಿಯಾಗಿ ನಿಮ್ಮ ನಿವ್ವಳ ತೂಕದಲ್ಲಿ ಉಳಿದುಬಿಡುತ್ತದೆ. ಪ್ರತಿ ಸಲ ಖಾಲಿ ತೂಕ ತೆಗೆಯಲು ಸಮಯ ಸಾಲದು ಎಂದು ನಿಮ್ಮಲ್ಲಿ ಹೇಳಿದರೆ, ಕಾಂಪ್ಯಾಕ್ಟರ್‌ಗಳಿಗಾದರೂ ಪ್ರತಿ ಟ್ರಿಪ್ಪಿಗೆ, ಆಟೋ ಟಿಪ್ಪರ್‌ಗಳಿಗೆ ವಾರಕ್ಕೊಮ್ಮೆ ಎಂದು ಕೇಳಿ ನೋಡಿ. ಸಮಯದ ಕೊರತೆಗೆ ಇದು ಒಪ್ಪಬಹುದಾದ ರಾಜಿ.

ಯಂತ್ರದ ದೋಷವೂ ಇರಬಹುದು. ಅದನ್ನು ಪತ್ತೆ ಮಾಡಲು ಇಂಜಿನಿಯರ್ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ಗಾಡಿಯನ್ನು ಪ್ಲಾಟ್‌ಫಾರ್ಮಿನ ಮುಂದಿನ ತುದಿಯಲ್ಲಿ, ನಡುವೆ, ಹಿಂದಿನ ತುದಿಯಲ್ಲಿ ನಿಲ್ಲಿಸಿ ಮೂರು ಸಲ ತೂಗಿ. ಮೂರೂ ಅಂಕಿ ಹತ್ತಿಪ್ಪತ್ತು ಕೆ.ಜಿ.ಯ ಒಳಗೆ ಹೊಂದಿಕೊಂಡರೆ ಕೆಳಗೆ ಭಾರ ಅಳೆಯುವ ಲೋಡ್ ಸೆಲ್‌ಗಳು ಬಹುಮಟ್ಟಿಗೆ ಸರಿಯಾಗಿವೆ. ಒಂದು ತುದಿಯಲ್ಲಿ ಮಾತ್ರ ದೊಡ್ಡ ಅಂತರ ಬಂದರೆ ಆ ಮೂಲೆಯ ಸೆಲ್ ಅಥವಾ ಅದರ ಕೇಬಲ್ ತೊಂದರೆಯಲ್ಲಿದೆ ಎಂದು ತಿಳಿಯಿರಿ. ಕಸದ ಜಾಗದಲ್ಲಿ ಇಲಿ ಕೇಬಲ್ ಕಡಿಯುವುದು, ಕೇಬಲ್‌ಗಳು ಕೂಡುವ ಜಂಕ್ಷನ್ ಬಾಕ್ಸಿಗೆ ನೀರು ಇಳಿಯುವುದು, ಪ್ಲಾಟ್‌ಫಾರ್ಮ್ ಮತ್ತು ಅಂಚಿನ ಕಾಂಕ್ರೀಟಿನ ನಡುವೆ ಕಲ್ಲು, ಚಿಂದಿ, ಪ್ಲಾಸ್ಟಿಕ್ ಸಿಕ್ಕಿ ತಟ್ಟೆ ಬಿಗಿದುಕೊಳ್ಳುವುದು ದಿನನಿತ್ಯದ ಮಾತು. ಆ ಸಂದನ್ನು ಪ್ರತಿ ಬೆಳಗ್ಗೆ ಸ್ವಚ್ಛ ಮಾಡಿಸುವುದು ಸಾವಿರಾರು ರೂಪಾಯಿಯ ದುರಸ್ತಿಯನ್ನು ತಪ್ಪಿಸುತ್ತದೆ. ಗಾಡಿಯ ಹಿಂದಿನ ಚಕ್ರ ಇಳಿಜಾರಿನ ಮೇಲೆ ಅರ್ಧ ನಿಂತಿದ್ದಾಗಲೋ, ಪರದೆಯ ಅಂಕಿ ಇನ್ನೂ ಓಲಾಡುತ್ತಿರುವಾಗಲೋ ಮುದ್ರಣದ ಗುಂಡಿ ಒತ್ತಬೇಡಿ. ಚಾಲಕರು ಹಾರ್ನ್ ಹೊಡೆದು ಅವಸರ ಮಾಡುತ್ತಾರೆ, ಹಿಂದೆ ನಾಲ್ಕು ಗಾಡಿ ನಿಂತಿರುತ್ತವೆ, ನನಗೆ ಗೊತ್ತು. ಆದರೂ ಅಂಕಿ ನಿಲ್ಲಲು ಬೇಕಾಗುವುದು ಕೆಲವೇ ಸೆಕೆಂಡು. ಜಂಕ್ಷನ್ ಬಾಕ್ಸ್ ಅಥವಾ ಅಂಕಿ ತೋರಿಸುವ ಇಂಡಿಕೇಟರಿನ ಒಳಭಾಗವನ್ನು ಮಾತ್ರ ನೀವಾಗಲಿ ನಿಮ್ಮ ಎಲೆಕ್ಟ್ರಿಷಿಯನ್ ಆಗಲಿ ಬಿಚ್ಚಬಾರದು. ಮುದ್ರೆ ಒಡೆದರೆ ಆ ತಕ್ಕಡಿಯ ತೂಕಕ್ಕೆ ಕಾನೂನಿನ ಬಲ ಇರುವುದಿಲ್ಲ; ದುರಸ್ತಿಗೆ ಪರವಾನಗಿ ಇರುವವರೇ ಬರಬೇಕು, ದುರಸ್ತಿಯಾದ ಮೇಲೆ ಮತ್ತೆ ಸತ್ಯಾಪನೆ, ಅಂದರೆ ಅಧಿಕೃತ ಪರೀಕ್ಷೆ, ಮಾಡಿಸಬೇಕು.

ಕಾನೂನು ಮಾಪನಶಾಸ್ತ್ರ ಕಾಯ್ದೆ 2009ರ ಅಡಿಯಲ್ಲಿ ವೇ ಬ್ರಿಡ್ಜ್‌ಗೆ 12 ತಿಂಗಳಿಗೊಮ್ಮೆ ಸತ್ಯಾಪನೆ ಮತ್ತು ಮುದ್ರೆ ಆಗಬೇಕು. ಅದರ ಪ್ರಮಾಣಪತ್ರ ನಿಮ್ಮ ಕೋಣೆಯ ಗೋಡೆಯ ಮೇಲೆ ಕಾಣುವಂತಿರಬೇಕು. ತಕ್ಕಡಿಯ ನಿಖರತೆ ಪರೀಕ್ಷಿಸಲು ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಅಥವಾ ಒಂದು ಟನ್, ಇವೆರಡರಲ್ಲಿ ಕಡಿಮೆ ಇರುವಷ್ಟು ಮುದ್ರೆಯುಳ್ಳ ತೂಕದ ಕಲ್ಲುಗಳನ್ನು ಸ್ಥಳದಲ್ಲಿ ಇಡಬೇಕೆಂಬ ನಿಯಮವೂ ಇದೆ. ನೀವು ನಾಳೆ ಕೆಲಸಕ್ಕೆ ಹೋದಾಗ ಆ ಪ್ರಮಾಣಪತ್ರದ ದಿನಾಂಕ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಅವಧಿ ಮುಗಿದಿದ್ದರೆ ಅದನ್ನು ನವೀಕರಿಸುವ ಹೊಣೆ ತಕ್ಕಡಿಯ ಒಡೆತನ ಯಾರದೋ ಅವರದು, ನಿಮ್ಮದಲ್ಲ. ಆದರೆ ಆ ಸಂಗತಿಯನ್ನು ಬರಹದಲ್ಲಿ ಅವರ ಗಮನಕ್ಕೆ ತಂದಿದ್ದೀರಿ ಎಂಬುದಕ್ಕೆ ನಿಮ್ಮ ಬಳಿ ಒಂದು ಪ್ರತಿ ಇರಬೇಕು.

ಈಗ ಸಂಬಳದ ಮಾತು. ನಷ್ಟವಾಯಿತು ಎಂದು ಮನಸ್ಸಿಗೆ ಬಂದಂತೆ ವೇತನ ಹಿಡಿಯಲು ಕಾನೂನು ಬಿಡುವುದಿಲ್ಲ. ಆ ನಷ್ಟ ನೌಕರರ ನಿರ್ಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಹಿಡಿಯುವ ಮೊತ್ತ ನಷ್ಟವನ್ನು ಮೀರಬಾರದು, ಹಿಡಿಯುವ ಮೊದಲು ನೌಕರರಿಗೆ ತಮ್ಮ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಬಾಯಿಮಾತಿನಲ್ಲಿ ಹೆದರಿಸುವವರಿಗೆ ‘ವ್ಯತ್ಯಾಸ ಎಷ್ಟು, ಯಾವ ಟ್ರಿಪ್, ಎರಡೂ ಚೀಟಿಗಳ ನಕಲು ಕೊಡಿ, ನಾನು ಉತ್ತರ ಬರೆದು ಕೊಡುತ್ತೇನೆ’ ಎಂದು ಶಾಂತವಾಗಿ ಹೇಳಿ. ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟ ಕ್ಷಣ, ಖಾಲಿ ತೂಕ ಯಾರದು ಹಳೆಯದು ಎಂಬುದು ಎಲ್ಲರಿಗೂ ಕಾಣುತ್ತದೆ. ಹಿಡಿದೇಬಿಟ್ಟರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡುವ ದಾರಿ ಇದೆ. ಇದೇ ಸಂದರ್ಭದಲ್ಲಿ ಪಿ.ಎಫ್. ಜಮೆ ಆಗುತ್ತಿದೆಯೇ ಎಂದು ಉಮಂಗ್ ಆ್ಯಪ್‌ನಲ್ಲಿ ನೋಡಿಕೊಳ್ಳಿ, ಇ.ಎಸ್.ಐ. ಸಂಖ್ಯೆ ಕೇಳಿ ಪಡೆಯಿರಿ. ತಿಂಗಳಿಗೆ 21,000 ರೂಪಾಯಿಯವರೆಗಿನ ವೇತನದವರಿಗೆ ಇ.ಎಸ್.ಐ. ಅನ್ವಯಿಸುತ್ತದೆ, ಹೊರಗುತ್ತಿಗೆಯವರು ಎಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

‘ಸ್ವಲ್ಪ ಅಡ್ಜಸ್ಟ್ ಮಾಡಮ್ಮ’ ಎಂಬ ಮಾತಿನ ಬಗ್ಗೆ ನಾನು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ತೂಕ ನಡೆಯುವಾಗ ನಿಂತು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ: ಒಂದು ಕಡೆ ರೈತರು, ಇನ್ನೊಂದು ಕಡೆ ಖರೀದಿದಾರರು, ಇಬ್ಬರ ಕಣ್ಣೂ ಅಂಕಿಯ ಮೇಲೆಯೇ ನೆಟ್ಟಿರುತ್ತದೆ. ಒಂದು ಕೆ.ಜಿ. ಆಚೀಚೆ ಆದರೆ ಯಾರಾದರೊಬ್ಬರು ಬಾಯಿ ಬಿಡುತ್ತಾರೆ, ಆದ್ದರಿಂದ ತೂಗುವವರು ಬೇಡವೆಂದರೂ ಪ್ರಾಮಾಣಿಕರಾಗಿ ಉಳಿಯುತ್ತಾರೆ. ಕಸಕ್ಕೆ ಹೀಗೆ ಕಣ್ಣಿಟ್ಟು ಕಾಯುವವರು ಯಾರೂ ಇಲ್ಲ. ಕೊಟ್ಟವರಿಗೆ ಅದು ಮನೆಯಿಂದ ಹೋದರೆ ಸಾಕು, ಪಡೆದವರಿಗೂ ಅದು ಬೇಕಾದ ವಸ್ತುವಲ್ಲ. ಹಣ ಕೊಡುವ ಊರಿನ ಜನ ವೇ ಬ್ರಿಡ್ಜ್‌ನಿಂದ ಬಹು ದೂರ ಇರುತ್ತಾರೆ. ಹೀಗಾಗಿ ಕಸದ ತೂಕದಲ್ಲಿ ಆ ಅಂಕಿಯನ್ನು ನೋಡುವ ಒಂದೇ ಕಣ್ಣು ನಿಮ್ಮದು. ಸಾಗಣೆಗೆ ಟನ್ ಲೆಕ್ಕದಲ್ಲಿ ಹಣ ಕೊಡುವ ಕರಾರಿದ್ದರೆ ತೂಕ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಕಟ್ಟಡದ ಮಣ್ಣು, ಕಲ್ಲು ಸೇರುತ್ತದೆ, ಕಸಕ್ಕೆ ನೀರು ಬೀಳುತ್ತದೆ, ಒಂದೇ ಗಾಡಿ ಸುರಿಯದೆಯೇ ಸುತ್ತು ಹೊಡೆದು ಎರಡನೇ ಸಲ ತಟ್ಟೆಯ ಮೇಲೆ ಬರುತ್ತದೆ. ಟ್ರಿಪ್ ಲೆಕ್ಕದಲ್ಲಿ ಹಣ ಕೊಡುವ ಕರಾರಿದ್ದರೆ ಅರ್ಧ ತುಂಬಿದ ಗಾಡಿಗಳು ಹೆಚ್ಚುತ್ತವೆ. ನಿಮ್ಮಲ್ಲಿ ಯಾವ ಕರಾರು ಎಂದು ತಿಳಿದುಕೊಂಡರೆ ಯಾವ ಕಡೆಯಿಂದ ಒತ್ತಡ ಬರುತ್ತದೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಅಡ್ಜಸ್ಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ದೊಡ್ಡ ಸುಳ್ಳು. ಗಾಡಿಯ ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು ಎಲ್ಲವೂ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಹನ್ನೆರಡು ನಿಮಿಷದಲ್ಲಿ ಘಟಕಕ್ಕೆ ಹೋಗಿ ಸುರಿದು ಹಿಂತಿರುಗಲು ಸಾಧ್ಯವೇ ಎಂಬುದು ಲೆಕ್ಕಪರಿಶೋಧಕರು ಕೇಳುವ ಮೊದಲ ಪ್ರಶ್ನೆ. ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ ಊರಿನ ಯಾರು ಬೇಕಾದರೂ ಈ ದಾಖಲೆ ಕೇಳಬಹುದು. ಆಗ ಹೊರಬರುವ ಚೀಟಿಯಲ್ಲಿ ಅಡ್ಜಸ್ಟ್ ಮಾಡು ಎಂದವರ ಹೆಸರಿರುವುದಿಲ್ಲ, ನಿಮ್ಮ ಸಹಿ ಇರುತ್ತದೆ. ಲೆಕ್ಕ ತಿದ್ದಿದ ಅಪರಾಧಕ್ಕೆ ಮೊದಲು ಸಿಗುವುದು ಆ ಸಹಿ.

ನಿಮ್ಮ ಮುಂದೆ ಇರುವ ದಾರಿಗಳು ಯಾವುವೂ ಪೂರ್ತಿ ಸುರಕ್ಷಿತವಲ್ಲ, ಇದನ್ನು ಮುಚ್ಚಿಡಲಾರೆ. ಆಗುವುದಿಲ್ಲ ಎಂದು ನೇರವಾಗಿ ಹೇಳಿದರೆ ಹೊರಗುತ್ತಿಗೆಯ ಕೆಲಸವಾದ್ದರಿಂದ ಮುಂದಿನ ತಿಂಗಳು ಬೇಡವೆನ್ನಬಹುದು. ಪರಿಸರ ಇಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರಿಗೆ ತಿಳಿಸಬಹುದು. ಒಳ್ಳೆಯವರಿದ್ದರೆ ನಿಮ್ಮ ಬೆನ್ನಿಗೆ ನಿಲ್ಲುತ್ತಾರೆ, ಇಲ್ಲದಿದ್ದರೆ ಮಾತು ಸುತ್ತಿ ಸೂಪರ್‌ವೈಸರ್ ಕಿವಿಗೇ ಬೀಳುತ್ತದೆ. ಅಧಿಕಾರಿಗಳೇ ಭಾಗಿಯಾಗಿದ್ದಾರೆ ಎಂಬುದಕ್ಕೆ ದಾಖಲೆ ಇದ್ದರೆ ಲೋಕಾಯುಕ್ತದ ಬಾಗಿಲು ಇದೆ, ಆದರೆ ಅದು ದೀರ್ಘ ಹಾದಿ. ನಾನು ಆಪರೇಟರ್‌ಗಳಿಗೆ ಹೇಳುತ್ತಾ ಬಂದಿರುವುದು ಇವೆಲ್ಲಕ್ಕಿಂತ ಮುಂಚಿನ ಒಂದು ಹೆಜ್ಜೆ. ‘ಸಾರ್, ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ, ಹಾಗೇ ನಮೂದಿಸುತ್ತೇನೆ’ ಎಂದು ಕೇಳಿ. ಬರೆದು ಕೊಟ್ಟವರನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಕರೆಂಟ್ ಹೋದಾಗಲೂ ಇದೇ ರೀತಿ. ಇಂಡಿಕೇಟರಿಗೆ ಒಂದು ಸಣ್ಣ ಯು.ಪಿ.ಎಸ್. ಇಡಿಸಿದರೆ ಈ ತೊಂದರೆ ಬಹುಪಾಲು ತೀರುತ್ತದೆ. ಅದಿಲ್ಲದಿದ್ದರೆ ಗಾಡಿಯನ್ನು ಕಾಯಿಸಿ, ಇಲ್ಲವೇ ಊರಿನಲ್ಲಿ ಮುದ್ರೆಯಿರುವ ಬೇರೆ ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಆ ಚೀಟಿ ಲಗತ್ತಿಸಿ. ಎರಡೂ ಆಗದಿದ್ದರೆ ರಿಜಿಸ್ಟರಿನಲ್ಲಿ ಗಾಡಿ ಸಂಖ್ಯೆ, ಸಮಯದ ಮುಂದೆ ‘ವಿದ್ಯುತ್ ಇಲ್ಲದೆ ತೂಕ ಆಗಿಲ್ಲ’ ಎಂದು ಬರೆಯಿರಿ. ತೂಕದ ಕಾಲಂ ಖಾಲಿ ಇದ್ದರೆ ಅದಕ್ಕೆ ಉತ್ತರ ಕೊಡಬಹುದು, ಅಂದಾಜಿನ ಅಂಕಿಗೆ ಉತ್ತರ ಕೊಡಲಾಗದು.

ಇನ್ನು ನಿಮ್ಮ ಅತ್ತೆಯವರ ಭಯ. ಅವರ ಕಾಳಜಿ ದೊಡ್ಡದು, ಆದರೆ ಟಿ.ಬಿ. ಕಸದ ವಾಸನೆಯಿಂದ ಬರುವುದಿಲ್ಲ, ಶ್ವಾಸಕೋಶದ ಟಿ.ಬಿ. ಇರುವ ಮನುಷ್ಯರು ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುವಿನಿಂದ ಬರುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಕೆಮ್ಮುತ್ತಿರುವವರು ಜೊತೆಯಲ್ಲಿ ಕೆಲಸ ಮಾಡುತ್ತಿದ್ದರೆ ಅವರನ್ನು ಕಫ ಪರೀಕ್ಷೆಗೆ ಕಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಬೆಲ್ಲ ಗಂಟಲಿಗೆ ಹಿತವೆನಿಸಬಹುದು, ಶ್ವಾಸಕೋಶಕ್ಕೆ ಇಳಿದ ಧೂಳನ್ನು ಅದು ಹೊರಗೆ ತರುವುದಿಲ್ಲ.

ವಾಸನೆಯೇ ಅಪಾಯ ಎಂಬ ಎಣಿಕೆಯೂ ಅರ್ಧ ಸತ್ಯ. ಕೊಳೆತ ಮೊಟ್ಟೆಯ ವಾಸನೆ ಬರಿಸುವ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ ಪ್ರಮಾಣದಲ್ಲಿದ್ದಾಗಲೇ ಮೂಗಿಗೆ ಹತ್ತುತ್ತದೆ, ಆದರೆ ಅಪಾಯದ ಮಟ್ಟಕ್ಕೆ ಏರಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಂದುಬಿಡುತ್ತದೆ. ಅಂಥ ಮಟ್ಟ ನಿಮ್ಮ ಕೋಣೆಯಲ್ಲಿ ಬರುವಂಥದ್ದಲ್ಲ. ಕೊಳಕು ನೀರಿನ ಮುಚ್ಚಿದ ಗುಂಡಿಯಲ್ಲಿ, ಪ್ಲಾಟ್‌ಫಾರ್ಮಿನ ಕೆಳಗಿನ ಹೊಂಡದಲ್ಲಿ ಬರಬಹುದು. ಬಿದ್ದ ಪೆನ್ನು ತೆಗೆಯಲೆಂದೂ ಅಲ್ಲಿಗೆ ಇಳಿಯಬೇಡಿ, ಬೇರೆಯವರನ್ನು ಇಳಿಯಲು ಬಿಡಬೇಡಿ. ನೀವು ದಿನವಿಡೀ ಉಸಿರಾಡುವ ನಿಜವಾದ ಕೆಡುಕು ಡೀಸೆಲ್ ಹೊಗೆ ಮತ್ತು ಧೂಳು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ವರ್ಗೀಕರಿಸಿದೆ. ಆದ್ದರಿಂದ ಗಾಡಿ ತಟ್ಟೆಯ ಮೇಲೆ ನಿಂತಾಗ ಇಂಜಿನ್ ಆರಿಸಬೇಕೆಂದು ಒಂದು ಫಲಕ ಹಾಕಿಸಿ. ಗಾಡಿಯ ಕಡೆಯ ಕಿಟಕಿಗೆ ಗಾಜು ಮುಚ್ಚಿ, ಎದುರು ಗೋಡೆಯ ಕಿಟಕಿಯಿಂದ ಗಾಳಿ ಬರುವಂತೆ ಮಾಡಿಸಿ. ಇಂಜಿನ್ ಆರಿದರೆ ಅಂಕಿಯ ಓಲಾಟವೂ ಕಡಿಮೆಯಾಗುತ್ತದೆ. ಎನ್-95 ಮಾಸ್ಕ್ ಧೂಳನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಧನುರ್ವಾಯು ಮತ್ತು ಹೆಪಟೈಟಿಸ್-ಬಿ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ. ಹೆಪಟೈಟಿಸ್-ಬಿ ಮೂರು ಡೋಸ್‌ಗಳಲ್ಲಿ ಆರು ತಿಂಗಳಿಗೆ ಪೂರ್ಣವಾಗುತ್ತದೆ. ಮನೆಗೆ ಬಂದ ಕೂಡಲೇ ಚಪ್ಪಲಿ ಹೊರಗೆ ಬಿಟ್ಟು, ಬಟ್ಟೆ ಬದಲಿಸಿ, ಸೋಪಿನಲ್ಲಿ ಕೈ ತೊಳೆದ ಮೇಲೆ ಮಗುವನ್ನು ಎತ್ತಿಕೊಳ್ಳಿ. ಇಷ್ಟು ಮಾಡಿದರೆ ಅತ್ತೆಯವರಿಗೂ ಧೈರ್ಯ ಬರುತ್ತದೆ.

ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹೀಗಿದೆ: ಮೂರು ತಿಂಗಳು ನೋಡಿ. ಅಷ್ಟರಲ್ಲಿ ಖಾಲಿ ತೂಕದ ಪದ್ಧತಿ ಬದಲಾದರೆ, ಮುದ್ರೆಯ ಅವಧಿ ಸರಿಯಿದ್ದರೆ, ಅಡ್ಜಸ್ಟ್ ಮಾತು ನಿಂತರೆ ಇದು ಗೌರವದ ಕೆಲಸ, ನಿಮ್ಮ ಬಿ.ಕಾಂ.ಗೂ ಒಪ್ಪುವ ಕೆಲಸ. ನಿಲ್ಲದಿದ್ದರೆ ಬಿಡುವುದೇ ಒಳ್ಳೆಯದು. ವಸಂತನರಸಾಪುರದ ಕಾರ್ಖಾನೆಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಜಲ್ಲಿ ಕ್ರಷರ್‌ಗಳಲ್ಲಿ ವೇ ಬ್ರಿಡ್ಜ್ ಬಲ್ಲವರು ಬೇಕಾಗುತ್ತಾರೆ. ಎರಡರಲ್ಲಿ ಯಾವುದೇ ಆದರೂ ನಾಳೆಯಿಂದಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಬೆಳಗಿನ ಮೊದಲ ಗಾಡಿಗೆ ಮುಂಚೆ ಪರದೆಯ ಮೇಲೆ ಕಂಡ ಸೊನ್ನೆ, ಮಧ್ಯಾಹ್ನದ ಸೊನ್ನೆ, ಪಾಳಿ ಮುಗಿಯುವಾಗಿನ ಸೊನ್ನೆ, ಮಳೆ ಬಂದದ್ದು, ಕರೆಂಟ್ ಹೋದದ್ದು, ಯಾರು ಏನು ಹೇಳಿದರು ಎಂಬುದು, ಎಲ್ಲವನ್ನೂ ಸಮಯ ಹಾಕಿ ಬರೆಯಿರಿ. ಶಾಖದಿಂದ ಮುದ್ರಣವಾಗುವ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ವಿವಾದದ ಚೀಟಿಗಳನ್ನು ಜೆರಾಕ್ಸ್ ಮಾಡಿಸಿಡಿ. ಕೆಲಸ ಬಿಡುವ ದಿನ ಬಂದರೆ ಅಂದಿನ ಸೊನ್ನೆಯನ್ನೂ ಬರೆದು, ತಕ್ಕಡಿಯನ್ನು ಒಪ್ಪಿಸಿಕೊಂಡವರ ಸಹಿಯನ್ನು ಅದೇ ಪುಟದಲ್ಲಿ ಮಾಡಿಸಿಕೊಂಡು ಹೊರಡಿ.